ಲ್ಯಾಪ್‌ಸ್ಟೋನ್ ಹಳ್ಳದ ಕಲ್ಲಿನ ಕಮಾನು

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನವಾಯ್ತು. ಆಫೀಸು, ಮಕ್ಕಳ ಪರೀಕ್ಷೆ, ಅದೂ ಇದೂ ಅಂತ ನೆಪಗಳಿಗೇನೂ ಕಮ್ಮಿ ಇಲ್ಲ ಬಿಡಿ. ಈ ಲೇಖನವಂತೂ ಅರ್ಧ ಬರೆದು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಮೊನ್ನೆ ಊರಿಗೆ ಫೋನ್ ಮಾಡಿದಾಗ ಅಪ್ಪ ಇದ್ದಕ್ಕಿದ್ದ ಹಾಗೆ, "ಆ ಹಳ್ಳದ ಸೇತುವೆ ಇನ್ನೂ ಹಂಗೇ ಐತೇನೋ?" ಅಂತ ಕೇಳಿದರು. ಸಿಡ್ನಿಯಲ್ಲಿ ಆರು ತಿಂಗಳು ಇದ್ದು ಹೋದ ಮನುಷ್ಯ. ಆಪೆರಾ ಹೌಸನ್ನು ಕೇಳಲಿಲ್ಲ, ಹಾರ್ಬರ್ ಬ್ರಿಜ್ಜನ್ನು ಕೇಳಲಿಲ್ಲ. ಕಾಡಿನ ನಡುವಿನ ಒಂದು ಹಳ್ಳಕ್ಕೆ ಹಾಕಿದ ಇಪ್ಪತ್ತು ಅಡಿಯ ಕಮಾನನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಸರಿ, ಇವತ್ತು ಇದನ್ನು ಮುಗಿಸಿಯೇ ಏಳೋದು ಅಂತ ಕೂತಿದ್ದೇನೆ.

ನಮ್ಮ ಅಪ್ಪ ಕಲ್ಲು ಕೆಲಸದ ಮೇಸ್ತ್ರಿ. ತುಮಕೂರು ಜಿಲ್ಲೆಯ ಒಂದು ಹಳ್ಳಿ ನಮ್ಮದು. ಸೈಜುಗಲ್ಲಿನ ಕಟ್ಟಡ, ಬಾವಿಯ ಒಳಗೋಡೆ, ಕೆರೆಯ ತೂಬು, ರಸ್ತೆಯ ಮೋರಿ - ಮೂವತ್ತು ಮೂವತ್ತೈದು ವರ್ಷ ಇದೇ ಕೆಲಸ. ಆಮೇಲೆ ಸಿಮೆಂಟು ಇಟ್ಟಿಗೆ, ಆರ್‌ಸಿಸಿ ಎಲ್ಲಾ ಕಡೆ ಬಂದ ಮೇಲೆ ಕಲ್ಲು ಕೆಲಸ ಕೇಳೋರೇ ಇಲ್ಲದಂತಾಗಿ ಉಳಿ ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿದರು. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇರೋದು ಬೇಡ ಅಂತ ಹಟ ಮಾಡಿ ಇಲ್ಲಿಗೆ ಕರೆಸಿಕೊಂಡಿದ್ದೆ. ನಾವಿರೋದು ಪರಮಟ್ಟಾ ಹತ್ತಿರ. ಪಕ್ಕದ ಹ್ಯಾರಿಸ್ ಪಾರ್ಕಿಗೆ ಹೋದರೆ ಇಡ್ಲಿ ದೋಸೆಯಿಂದ ಹಿಡಿದು ಪೂಜೆ ಸಾಮಾನಿನವರೆಗೆ ಎಲ್ಲಾ ಸಿಗುತ್ತದೆ. ಆದರೂ ಅಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ. ನಾವು ಆಫೀಸಿಗೆ ಹೋದ ಮೇಲೆ ಕಿಟಕಿ ಹತ್ತಿರ ಕೂತು ರಸ್ತೆ ನೋಡೋದು, ಸಂಜೆ ನಾನು ಬಂದಾಗ "ಇವತ್ತು ಹನ್ನೊಂದು ಜನ ನಡ್ಕೊಂಡ್ ಹೋದ್ರು" ಅನ್ನೋದು!

ಒಂದು ಶನಿವಾರ ಬ್ಲೂ ಮೌಂಟನ್ಸ್ ಕಡೆ ಕರೆದುಕೊಂಡು ಹೋದೆ. ಸಿಡ್ನಿಗೆ ಬಂದ ಅಪ್ಪ ಅಮ್ಮಂದಿರನ್ನೆಲ್ಲ ನಾವು ಕರೆದುಕೊಂಡು ಹೋಗೋ ಜಾಗ ಅದು. 'ತ್ರೀ ಸಿಸ್ಟರ್ಸ್' ಅನ್ನೋ ಬಂಡೆಗಳ ಮುಂದೆ ಫೋಟೋ ಹೊಡೆಸಿಕೊಂಡಾಯ್ತು. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದಾಯ್ತು. ವಾಪಸ್ ಬರುವಾಗ ಸುಮ್ಮನೆ ಹೈವೇ ಬಿಟ್ಟು ಮಿಚೆಲ್ಸ್ ಪಾಸ್ ಅನ್ನೋ ಸಣ್ಣ ಹಳೇ ರಸ್ತೆಯ ಕಡೆ ಗಾಡಿ ತಿರುಗಿಸಿದೆ. ಬೆಟ್ಟದ ಬುಡಕ್ಕೆ ಇಳಿಯುವ, ಎರಡೂ ಕಡೆ ನೀಲಗಿರಿ ಮರ ತುಂಬಿದ ದಾರಿ. ಒಂದು ತಿರುವಿನಲ್ಲಿ ಹಳ್ಳ ಅಡ್ಡ ಬರುತ್ತದೆ, ಅಲ್ಲೇ ಈ ಸೇತುವೆ. ಅದರ ಹೆಸರು ಲೆನ್ನಾಕ್ಸ್ ಬ್ರಿಜ್.

ನಿಜ ಹೇಳಬೇಕೆಂದರೆ ರಸ್ತೆಯ ಮೇಲೆ ನಿಂತರೆ ಅಲ್ಲೊಂದು ಸೇತುವೆ ಇದೆ ಅಂತಲೇ ಅನ್ನಿಸೋದಿಲ್ಲ. ಎರಡು ಕಡೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅಷ್ಟೇ. ಅಪ್ಪ ಇಳಿದವರು ಕಟ್ಟೆಯ ಮೇಲೆ ಕೈ ಆಡಿಸಿದರು. ಬಗ್ಗಿ ನೋಡಿದರು. ಆಮೇಲೆ ನನಗೆ ಹೇಳದೆ ಕೇಳದೆ ಪಕ್ಕದ ಕಾಲುದಾರಿ ಹಿಡಿದು ಹಳ್ಳಕ್ಕೆ ಇಳಿಯೋಕೆ ಶುರು ಮಾಡಿದರು. ಎಪ್ಪತ್ತು ದಾಟಿದ ಮನುಷ್ಯ, ನಾನು ಹಿಂದೆ ಓಡಬೇಕಾಯ್ತು.

ಕೆಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ಮೂವತ್ತು ಅಡಿ ಎತ್ತರ. ಹಳದಿ ಬಣ್ಣದ ಮರಳುಗಲ್ಲು. ಒಂದೇ ಒಂದು ಕಮಾನು, ಅದರ ಅಗಲ ಇಪ್ಪತ್ತು ಅಡಿ. ರಸ್ತೆ ತಿರುವಿನಲ್ಲಿ ಇರೋದರಿಂದ ಸೇತುವೆಯ ಗೋಡೆಗಳೂ ಬಾಗಿವೆ, ಮೇಲಿನಿಂದ ನೋಡಿದರೆ ಕುದುರೆ ಲಾಳದ ಆಕಾರ. ಕಮಾನಿನ ನೆತ್ತಿಯ ಕಲ್ಲುಗಳಲ್ಲಿ ಒಂದು ಬದಿಗೆ ಡೇವಿಡ್ ಲೆನ್ನಾಕ್ಸ್ ಅನ್ನೋ ಹೆಸರು, ಇನ್ನೊಂದು ಬದಿಗೆ 1833 ಅನ್ನೋ ಇಸವಿ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಇವತ್ತಿಗೂ ಉಳಿದಿರುವ ಕಲ್ಲಿನ ಕಮಾನು ಸೇತುವೆಗಳಲ್ಲಿ ಇದೇ ಅತಿ ಹಳೆಯದು. (ದ್ವೀಪವಾದ ಟಾಸ್ಮೇನಿಯಾದ ರಿಚ್ಮಂಡ್ ಊರಿನಲ್ಲಿ ಇದಕ್ಕಿಂತ ಹಳೆಯದೊಂದಿದೆ. ಅದು 1823ರಿಂದ 1825ರವರೆಗೆ ಕಟ್ಟಿದ್ದು.)

ಅಪ್ಪ ಅರ್ಧ ಗಂಟೆ ಒಂದೂ ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಈ ಕಾಡಲ್ಲಿ ಇಷ್ಟು ಚೆಂದದ ಕೆಲ್ಸ ಯಾಕೆ ಮಾಡ್ಸಿದ್ರು?"

ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಹೇಳುತ್ತೇನೆ.

ಬ್ರಿಟಿಷರು ಕೈದಿಗಳನ್ನು ಹಡಗಿನಲ್ಲಿ ತುಂಬಿಕೊಂಡು ಸಿಡ್ನಿಗೆ ಬಂದು ಇಳಿದದ್ದು 1788ರಲ್ಲಿ. ಅಲ್ಲಿಂದ ಇಪ್ಪತ್ತೈದು ವರ್ಷ ಅವರಿಗೆ ಈ ಬೆಟ್ಟಸಾಲು ದಾಟಲು ಆಗಿರಲಿಲ್ಲ. ಬೆಟ್ಟದಲ್ಲಿ ಸಾವಿರಾರು ವರ್ಷದಿಂದ ಓಡಾಡಿಕೊಂಡಿದ್ದ ಧರುಗ್, ಗುಂಡುಂಗುರ್ರಾ ಮುಂತಾದ ಮೂಲನಿವಾಸಿಗಳಿಗೆ ದಾರಿ ಗೊತ್ತಿತ್ತು, ಅದು ಬೇರೆ ಮಾತು. ಇದೇ ಲ್ಯಾಪ್‌ಸ್ಟೋನ್ ಹಳ್ಳದ ಬಳಿಯ ಒಂದು ಕಲ್ಲಾಸರೆಯಲ್ಲಿ 1930ರ ದಶಕದಲ್ಲಿ ಫ್ರೆಡ್ ಮೆಕಾರ್ಥಿ ಅನ್ನೋ ವಿದ್ವಾಂಸ ಉತ್ಖನನ ಮಾಡಿ ಅವರ ಕಲ್ಲಿನ ಆಯುಧಗಳನ್ನು ಹೊರತೆಗೆದ. ಅಂದರೆ ಈ ಹಳ್ಳದಲ್ಲಿ ಕಲ್ಲು ಕೆತ್ತಿದವರಲ್ಲಿ ನಮ್ಮ ಸೇತುವೆಯವರು ಮೊದಲಿಗರೇನಲ್ಲ.

1813ರಲ್ಲಿ ಬ್ಲಾಕ್ಸ್‌ಲ್ಯಾಂಡ್, ಲಾಸನ್, ವೆಂಟ್‌ವರ್ತ್ ಅನ್ನೋ ಮೂವರು ಬಿಳಿಯರು ಬೆಟ್ಟ ದಾಟುವ ದಾರಿ ಕಂಡುಕೊಂಡರು. ಆಚೆ ಕಡೆ ಹುಲ್ಲುಗಾವಲು! ಕುರಿ ಮೇಯಿಸಲು ಹೇಳಿ ಮಾಡಿಸಿದ ಜಾಗ. ಆಗಿನ ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ತಕ್ಷಣ ರಸ್ತೆ ಮಾಡಿಸಿದ. ಈ ಮ್ಯಾಕ್ವಾರಿ ನಮಗೇನೂ ಅಪರಿಚಿತನಲ್ಲ ನೋಡಿ. ಅದಕ್ಕೂ ಮೊದಲು ಇಂಡಿಯಾದಲ್ಲಿ ಸೈನ್ಯಾಧಿಕಾರಿಯಾಗಿದ್ದು, 1792ರಲ್ಲೂ ಟಿಪ್ಪು ಮಡಿದ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು. ಅಲ್ಲಿಂದ ಇಲ್ಲಿಗೆ!

ಆ ರಸ್ತೆಯನ್ನು ವಿಲಿಯಂ ಕಾಕ್ಸ್ ಅನ್ನೋನು ಸುಮಾರು ಮೂವತ್ತು ಕೈದಿಗಳನ್ನು ಇಟ್ಟುಕೊಂಡು ಆರೇ ತಿಂಗಳಲ್ಲಿ, 1815ರ ಜನವರಿ ಹೊತ್ತಿಗೆ, ನೂರೊಂದು ಮೈಲಿ ಕಡಿದು ಮುಗಿಸಿದ. ಆದರೆ ಬೆಟ್ಟದ ಬುಡದ ಈ ಮೊದಲ ಏರು, ಲ್ಯಾಪ್‌ಸ್ಟೋನ್ ಹಿಲ್, ಎತ್ತಿನ ಗಾಡಿಗಳಿಗೆ ಯಮಯಾತನೆಯಾಗಿತ್ತು. ಚಮ್ಮಾರರು ತೊಡೆಯ ಮೇಲಿಟ್ಟುಕೊಂಡು ಚರ್ಮ ಬಡಿಯುವ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಪ್‌ಸ್ಟೋನ್ ಅಂತಾರೆ. ಅಂಥ ನುಣುಪು ಗುಂಡುಕಲ್ಲುಗಳು ಇಲ್ಲಿ ಸಿಗುತ್ತಿದ್ದವಂತೆ, ಅದಕ್ಕೇ ಆ ಹೆಸರು. 1824ರಲ್ಲಿ ಇನ್ನೊಂದು ದಾರಿ ಮಾಡಿದರು. ಅದೂ ಕಡಿದಾಗಿಯೇ ಇತ್ತು. ಆಗ ಸರ್ವೇಯರ್ ಜನರಲ್ ಆಗಿದ್ದ ಥಾಮಸ್ ಮಿಚೆಲ್, ಹಳ್ಳದ ಕಣಿವೆಯ ಪಕ್ಕದಲ್ಲೇ ನಿಧಾನವಾಗಿ ಏರುವ ಮೂರನೇ ದಾರಿ ಗುರುತು ಹಾಕಿದ. ಅದೇ ಈಗಿನ ಮಿಚೆಲ್ಸ್ ಪಾಸ್. ಆದರೆ ಒಂದು ಕಡೆ ಹಳ್ಳ ದಾಟಲೇಬೇಕು. ದಾಟಲು ಸೇತುವೆ ಬೇಕು. ಸೇತುವೆ ಕಟ್ಟೋಕೆ ಗೊತ್ತಿರೋ ಒಬ್ಬ ಮನುಷ್ಯ ಬೇಕು!

ಕತೆಯ ಚೆಂದದ ಭಾಗ ಇಲ್ಲಿದೆ. 1832ರಲ್ಲಿ ಒಂದು ದಿನ ಮಿಚೆಲ್ ಸಿಡ್ನಿಯ ಮ್ಯಾಕ್ವಾರಿ ಬೀದಿಯಲ್ಲಿ (ಹೌದು, ಅದೇ ಮ್ಯಾಕ್ವಾರಿ) ಹೋಗುತ್ತಿದ್ದಾಗ ಶಾಸನ ಸಭೆಯ ಕಟ್ಟಡದ ಮುಂದಿನ ಗಿಡ್ಡ ಗೋಡೆಗೆ ಒಬ್ಬ ಕಲ್ಲು ಕೆತ್ತುತ್ತಾ ಕೂತಿದ್ದ. ಕೆಲಸದ ವರಸೆ ನೋಡಿ ಮಿಚೆಲ್ ನಿಂತು ಮಾತಾಡಿಸಿದ. ಆತನೇ ಡೇವಿಡ್ ಲೆನ್ನಾಕ್ಸ್. ಸ್ಕಾಟ್ಲೆಂಡಿನ ಏರ್ ಅನ್ನೋ ಊರಿನವನು, 1788ರಲ್ಲಿ ಹುಟ್ಟಿದವನು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬ್ರಿಟನ್ನಿನ ಸೇತುವೆಗಳಲ್ಲಿ ಪಳಗಿದ ಕೈ. ಥಾಮಸ್ ಟೆಲ್‌ಫರ್ಡ್ ಅನ್ನೋ ಮಹಾ ಎಂಜಿನಿಯರ್ ಕಟ್ಟಿಸಿದ ಮೆನೈ ಜಲಸಂಧಿಯ ತೂಗುಸೇತುವೆಯಲ್ಲೂ, ಗ್ಲಾಸ್ಟರ್ ಬಳಿ ಸೆವೆರ್ನ್ ನದಿಗೆ ಹಾಕಿದ ನೂರೈವತ್ತು ಅಡಿಯ ಕಲ್ಲಿನ ಕಮಾನಿನಲ್ಲೂ ಕೆಲಸ ಮಾಡಿದ್ದ. ಹೆಂಡತಿ 1828ರಲ್ಲಿ ತೀರಿಕೊಂಡಿದ್ದಳು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಹಡಗು ಹತ್ತಿ 1832ರ ಆಗಸ್ಟ್‌ನಲ್ಲಿ ಸಿಡ್ನಿಗೆ ಬಂದು, ಸಿಕ್ಕ ಕೆಲಸ ಮಾಡಿಕೊಂಡಿದ್ದ. ಹಡಗಿಳಿದು ಎರಡು ತಿಂಗಳೂ ತುಂಬಿರಲಿಲ್ಲ, ಅಕ್ಟೋಬರ್ 1ಕ್ಕೆ ಸರ್ಕಾರಿ ಕೆಲಸಕ್ಕೆ ನೇಮಕವಾಯ್ತು. ವರ್ಷಕ್ಕೆ 120 ಪೌಂಡು ಸಂಬಳ. ಮುಂದಿನ ವರ್ಷದ ಜೂನ್ ಹೊತ್ತಿಗೆ ಆತ ಇಡೀ ವಸಾಹತಿನ ಸೇತುವೆಗಳ ಸೂಪರಿಂಟೆಂಡೆಂಟ್!

ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯ್ತು. "ಕೈ ನೋಡಿ ಕರ್ದವ್ನೆ ಅನ್ನು. ಸರ್ಟಿಫಿಕೇಟು ಕೇಳ್ಲಿಲ್ಲ!" ಅಂದರು.

ಲೆನ್ನಾಕ್ಸ್‌ಗೆ ಕೊಟ್ಟ ಮೊದಲ ಕೆಲಸವೇ ಲ್ಯಾಪ್‌ಸ್ಟೋನ್ ಹಳ್ಳದ ಸೇತುವೆ. ಕೊಟ್ಟ ಆಳುಗಳು ಇಪ್ಪತ್ತು ಜನ, ಎಲ್ಲರೂ ಕೈದಿಗಳು. 1832ರ ಕೊನೆಯಲ್ಲಿ ಶುರುವಾದ ಕೆಲಸ 1833ರ ಜುಲೈ ಹೊತ್ತಿಗೆ ಮುಗಿದೇ ಹೋಯ್ತು. ಕಲ್ಲನ್ನು ಅಲ್ಲೇ ಹತ್ತಿರದ ಬೆಟ್ಟದಿಂದಲೇ ತೆಗೆದರು.

ಕಮಾನು ಹೇಗೆ ನಿಲ್ಲುತ್ತದೆ ಅನ್ನೋದನ್ನು ನಾನು ಹೈಸ್ಕೂಲಿನಲ್ಲೂ ಓದಿದ್ದೆ, ಎಂಜಿನಿಯರಿಂಗ್‌ನಲ್ಲೂ ಓದಿದ್ದೆ. ಅರ್ಥವಾಗಿದ್ದು ಮಾತ್ರ ಅವತ್ತು ಆ ಹಳ್ಳದಲ್ಲಿ ನಿಂತು ಅಪ್ಪ ಹೇಳಿದಾಗ. ಮೊದಲು ಹಳ್ಳದ ಎರಡೂ ಕಡೆ ಬುಡ ಭದ್ರ ಮಾಡಿಕೊಳ್ಳಬೇಕು. ಆಮೇಲೆ ನಡುವೆ ಮರದ ಸೆಂಟ್ರಿಂಗು. ನಾವು ಮನೆಯ ಮೋಲ್ಡಿಗೆ ಹಾಕೋ ಸೆಂಟ್ರಿಂಗಿನ ಅಜ್ಜ ಅದು, ಕಮಾನಿನ ಆಕಾರಕ್ಕೇ ಬಾಗಿಸಿದ ಮರದ ಚೌಕಟ್ಟು. ಅದರ ಮೇಲೆ ಎರಡೂ ಬದಿಯಿಂದ ಒಂದೊಂದೇ ಕಲ್ಲು ಕೂರಿಸಿಕೊಂಡು ಬರಬೇಕು. ಪ್ರತಿ ಕಲ್ಲೂ ಬೆಣೆಯ ಹಾಗೆ - ಮೇಲೆ ಅಗಲ, ಕೆಳಗೆ ಕಿರಿದು. ಒಂದು ಕಡೆ ಎರಡು ಕಲ್ಲು ಜಾಸ್ತಿಯಾದರೆ ಸೆಂಟ್ರಿಂಗು ಆ ಕಡೆ ವಾಲುತ್ತದೆ, ಆದ್ದರಿಂದ ಈ ಕಡೆ ಒಂದು, ಆ ಕಡೆ ಒಂದು. ಕೊನೆಗೆ ನೆತ್ತಿಯಲ್ಲಿ ಒಂದು ಸಂದು ಉಳಿಯುತ್ತದೆ. ಅಲ್ಲಿ ಕೂರೋ ಕಲ್ಲನ್ನು ಅಳತೆ ನೋಡಿ ನೋಡಿ ಕೆತ್ತಿ ಇಳಿಸಬೇಕು.

"ಅಲ್ಲಿಗೆ ಮುಗೀತಾ?" ಅಂದೆ.

"ಎಲ್ಲಿ ಮುಗೀತು? ಸೆಂಟ್ರಿಂಗು ಬಿಚ್ಬೇಕಲ್ಲ. ಆವತ್ತು ಮೇಸ್ತ್ರಿಗೆ ಊಟ ಸೇರಲ್ಲ."

ಅಪ್ಪನ ಮಾತು ಎಷ್ಟು ಖರೆ ಅಂತ ಆಮೇಲೆ ಗೊತ್ತಾಯ್ತು. ಗ್ಲಾಸ್ಟರ್ ಹತ್ತಿರ ಲೆನ್ನಾಕ್ಸ್ ಕೆಲಸ ಮಾಡಿದ್ದ ಟೆಲ್‌ಫರ್ಡನ ಆ ದೊಡ್ಡ ಸೇತುವೆಯಲ್ಲಿ ಸೆಂಟ್ರಿಂಗ್ ಬಿಚ್ಚಿದಾಗ ಕಮಾನಿನ ನೆತ್ತಿ ಸುಮಾರು ಹತ್ತು ಅಂಗುಲ ಕೆಳಗಿಳಿದಿತ್ತು. ಬಿದ್ದುಹೋಗಲಿಲ್ಲ, ಇವತ್ತಿಗೂ ನಿಂತಿದೆ. ಆದರೆ ಟೆಲ್‌ಫರ್ಡನಂಥ ಟೆಲ್‌ಫರ್ಡನಿಗೇ ಹಾಗಾಯ್ತು! ಸೆಂಟ್ರಿಂಗು ಹೋದ ಮೇಲೆ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲಬೇಕು. ಬೀಳೋಕೆ ಹೊರಟ ಪ್ರತಿ ಕಲ್ಲನ್ನೂ ಪಕ್ಕದ ಎರಡು ಕಲ್ಲು ತಡೆದು ಹಿಡಿದಿರುತ್ತವೆ. ಅವುಗಳ ಭಾರ ಬುಡದವರೆಗೆ ಇಳಿದು ನೆಲ ಸೇರುತ್ತದೆ. ಎಲ್ಲವೂ ಬೀಳುತ್ತಿರೋದರಿಂದಲೇ ಯಾವುದೂ ಬೀಳೋದಿಲ್ಲ. ಮೇಲೆ ಭಾರ ಬಿದ್ದಷ್ಟೂ ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುತ್ತದೆ.

ಅಪ್ಪ ಕಮಾನಿನ ಪಕ್ಕದ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. "ನಮ್ಮ ಕಡೆ ಕಲ್ಲಿನ ಮುಂದೆ ಇದು ಬೆಣ್ಣೆ ಕಣೋ. ಆದ್ರೆ ಬೆಣ್ಣೇನೇ ಕಷ್ಟ, ಅಂಚು ನಿಲ್ಲಲ್ಲ" ಅಂದರು. ಆಮೇಲೆ ನನ್ನ ಕೈ ಹಿಡಿದು ಒಂದು ಕಲ್ಲಿನ ಮೇಲೆ ಇಟ್ಟರು. ಉಳಿಯ ಗೆರೆಗಳು, ಒತ್ತೊತ್ತಾಗಿ, ಒಂದೇ ಓರೆಯಲ್ಲಿ. ಪಕ್ಕದ ಕಲ್ಲಿನ ಮೇಲೆ ಇಟ್ಟರು. ಅಲ್ಲಿ ಗೆರೆ ಇಲ್ಲ, ಚುಕ್ಕಿ ಚುಕ್ಕಿ ಏಟು. ಇನ್ನೊಂದರ ಮೇಲೆ ಮತ್ತೆ ಗೆರೆ, ಆದರೆ ಓರೆ ಉಲ್ಟಾ.

"ಇವ್ನು ಸಮಾಧಾನದವ್ನು. ಇವ್ನಿಗೆ ಸಿಟ್ಟು. ಇವ್ನು ಎಡಚ ಇರ್ಬೇಕು, ನೋಡು" ಅಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಕೆತ್ತಿದ್ದು ಯಾರು ಅಂತ ಬರ್ದಿಲ್ವಾ?" ಅಂತ ಕೇಳಿದರು. ನಾನು ಮೇಲಿನ ಹೆಸರು ತೋರಿಸಿದೆ. "ಅದು ಮೇಸ್ತ್ರಿದು. ಕೆತ್ತಿದೋರ್ದು ಕೇಳಿದ್ದು."

ಕೆತ್ತಿದವರ ಹೆಸರು ಸೇತುವೆಯ ಮೇಲೆ ಇಲ್ಲ.

ಅವರು ಎಂಥವರು ಅಂತ ಸ್ವಲ್ಪ ಹೇಳಬೇಕು. 1788ರಿಂದ 1868ರವರೆಗೆ ಬ್ರಿಟನ್ನು ಐರ್ಲೆಂಡುಗಳಿಂದ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳು ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು. ಬಹಳಷ್ಟು ಜನರ ಅಪರಾಧ ಕಳ್ಳತನ - ಬಟ್ಟೆ, ಕುರಿ, ಪಾತ್ರೆ ಪಗಡ ಇಂಥವು. ಶಿಕ್ಷೆ ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೇ ಜೀವಾವಧಿ. ಇಲ್ಲಿಗೆ ಬಂದ ಮೇಲೆ ಒಬ್ಬೊಬ್ಬರನ್ನು ಒಂದೊಂದು ಜಮೀನುದಾರನ ಕೆಲಸಕ್ಕೋ ಸರ್ಕಾರಿ ಕೆಲಸಕ್ಕೋ ಹಚ್ಚುತ್ತಿದ್ದರು. ಮತ್ತೆ ತಪ್ಪು ಮಾಡಿದರೆ ಚಾಟಿಯೇಟು, ಅಥವಾ ಕಾಲಿಗೆ ಬೇಡಿ ಹಾಕಿ ರಸ್ತೆ ಕಡಿಯುವ ಗುಂಪಿಗೆ ಸೇರಿಸೋದು. ಈ ಬೆಟ್ಟದ ರಸ್ತೆಗಳೆಲ್ಲ ಹಾಗೆ ಆದವು.

ಅವರಿಗಿದ್ದ ದೊಡ್ಡ ಆಸೆ ಅಂದರೆ 'ಟಿಕೆಟ್ ಆಫ್ ಲೀವ್' ಅನ್ನೋ ಒಂದು ಚೀಟಿ. ಏಳು ವರ್ಷದ ಶಿಕ್ಷೆಯವನು ನಾಲ್ಕು ವರ್ಷ ಒಳ್ಳೆಯ ನಡತೆ ತೋರಿಸಿದರೆ, ಹದಿನಾಲ್ಕರವನು ಆರು ವರ್ಷಕ್ಕೆ, ಜೀವಾವಧಿಯವನು ಎಂಟು ವರ್ಷಕ್ಕೆ ಅದನ್ನು ಕೇಳಬಹುದಿತ್ತು. ಚೀಟಿ ಸಿಕ್ಕರೆ ಗೊತ್ತುಮಾಡಿದ ಜಿಲ್ಲೆಯೊಳಗೆ ಸ್ವಂತಕ್ಕೆ ದುಡಿದು ತಿನ್ನಬಹುದು. ಆಗಾಗ ಹೋಗಿ ಹಾಜರಿ ಹಾಕಬೇಕು. ಜಿಲ್ಲೆ ಬಿಟ್ಟು ಹೋಗುವ ಹಾಗಿಲ್ಲ, ದೇಶ ಬಿಟ್ಟು ಹೋಗುವ ಮಾತಂತೂ ಇಲ್ಲವೇ ಇಲ್ಲ.

ಎಲ್ಲಾ ಕಡೆಯೂ ಇವರು ಹೆಸರಿಲ್ಲದೆ ಹೋದರು ಅಂತಲ್ಲ. ಟಾಸ್ಮೇನಿಯಾದ ರಾಸ್ ಊರಿನಲ್ಲಿ 1836ರಲ್ಲಿ ಮುಗಿದ ಒಂದು ಸೇತುವೆ ಇದೆ. ಅದರ ಮೂರು ಕಮಾನುಗಳ ಮೇಲೆ ಪ್ರಾಣಿ, ಮುಖ, ಬಳ್ಳಿ ಅಂತ 186 ಕೆತ್ತನೆಗಳು. ಡೇನಿಯಲ್ ಹರ್ಬರ್ಟ್, ಜೇಮ್ಸ್ ಕಾಲ್ಬೆಕ್ ಅನ್ನೋ ಇಬ್ಬರು ಕೈದಿ ಕಲ್ಲುಕುಟಿಗರ ಮುಂದಾಳತ್ವದಲ್ಲಿ ಆದ ಕೆಲಸ ಅದು. ಆ ಕೆಲಸಕ್ಕಾಗಿಯೇ ಇಬ್ಬರಿಗೂ ಬಿಡುಗಡೆ ಸಿಕ್ಕಿತು. ಕಲ್ಲು ಕೆತ್ತಿ ಸ್ವಾತಂತ್ರ್ಯ ಸಂಪಾದಿಸಿದವರು! ಬೇಲೂರಿನಲ್ಲಿ ದಾಸೋಜ, ಚಾವಣ ಅಂತ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟು ಹೋದ ಶಿಲ್ಪಿಗಳು ನೆನಪಾದರು ನನಗೆ. ಆದರೆ ಲ್ಯಾಪ್‌ಸ್ಟೋನ್ ಹಳ್ಳದ ಕಲ್ಲುಗಳಲ್ಲಿ ಹೂವೂ ಇಲ್ಲ, ಮುಖವೂ ಇಲ್ಲ. ಬರೀ ಉಳಿಯ ಏಟು.

ಸೇತುವೆಯ ಮುಂದಿನ ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1834ರಲ್ಲಿ ಮಿಚೆಲ್ಸ್ ಪಾಸ್ ರಸ್ತೆ ತೆರೆಯಿತು. ಒಳನಾಡಿನ ಕುರಿಯ ಉಣ್ಣೆಯೆಲ್ಲ ಎತ್ತಿನ ಗಾಡಿಗಳಲ್ಲಿ ಇದರ ಮೇಲೆಯೇ ಸಿಡ್ನಿಗೆ ಇಳಿಯಿತು. 1851ರಲ್ಲಿ ಬ್ಯಾಥರ್ಸ್ಟ್ ಕಡೆ ಚಿನ್ನ ಸಿಕ್ಕ ಸುದ್ದಿ ಬಂದಾಗ ಸಿಡ್ನಿಯ ಜನ ಗುದ್ದಲಿ, ಜರಡಿ ಹೊತ್ತುಕೊಂಡು ಸಾವಿರಗಟ್ಟಲೆ ಹತ್ತಿಹೋದದ್ದೂ ಇದೇ ದಾರಿಯಲ್ಲಿ. 1860ರ ದಶಕದಲ್ಲಿ ಪಕ್ಕದ ಕಣಿವೆಯಲ್ಲಿ ರೈಲಿಗಾಗಿ ನ್ಯಾಪ್‌ಸ್ಯಾಕ್ ವಯಾಡಕ್ಟ್ ಅನ್ನೋ ದೊಡ್ಡ ಕಲ್ಲಿನ ಸೇತುವೆ ಬಂತು. 1913ರಲ್ಲಿ ರೈಲು ಬೇರೆ ದಾರಿ ಹಿಡಿಯಿತು. ಖಾಲಿ ಬಿದ್ದ ಆ ರೈಲು ಸೇತುವೆಯ ಮೇಲೆ 1926ರಲ್ಲಿ ಹೈವೇ ತಿರುಗಿಸಿದರು. ಅಲ್ಲಿಗೆ ನಮ್ಮ ಪುಟ್ಟ ಸೇತುವೆಗೆ 93 ವರ್ಷದ ಮೇಲೆ ಸ್ವಲ್ಪ ವಿಶ್ರಾಂತಿ. ಎತ್ತಿನ ಗಾಡಿಗೆ ಅಂತ ಕಟ್ಟಿದ್ದು ಲಾರಿಗಳ ಕಾಲದಲ್ಲಿ ನಲುಗಿ, ಕೊನೆಗೆ ಸಂಚಾರ ನಿಲ್ಲಿಸಿ, 1970ರ ದಶಕದಲ್ಲಿ ರಿಪೇರಿ ಮಾಡಿ, 1982ರಲ್ಲಿ ಹಗುರ ವಾಹನಗಳಿಗೆ ಮತ್ತೆ ತೆರೆದರು.

ಲೆನ್ನಾಕ್ಸ್ ಅಲ್ಲಿಗೆ ನಿಲ್ಲಲಿಲ್ಲ. ಪ್ರಾಸ್ಪೆಕ್ಟ್ ಹಳ್ಳಕ್ಕೆ 110 ಅಡಿಯ ಒಂದೇ ಕಮಾನಿನ ಲ್ಯಾನ್ಸ್‌ಡೌನ್ ಸೇತುವೆ ಕಟ್ಟಿದ. 1836ರ ಜನವರಿ 26ರಂದು ಅದು ತೆರೆಯಿತು. ಹ್ಯೂಮ್ ಹೈವೇಯಲ್ಲಿ ಹೋದವರು ಅದರ ಮೇಲೆ ಎಷ್ಟೋ ಸಲ ಹೋಗಿರುತ್ತೀರಿ, ಗೊತ್ತಾಗಿರೋದಿಲ್ಲ. 1839ರಲ್ಲಿ ಪರಮಟ್ಟಾ ನದಿಯ ಸೇತುವೆ ಮುಗಿಸಿದ. ಅದಕ್ಕೂ 1867ರಲ್ಲಿ ಲೆನ್ನಾಕ್ಸ್ ಬ್ರಿಜ್ ಅಂತಲೇ ಹೆಸರಿಟ್ಟರು. ನಾನು ವರ್ಷಗಟ್ಟಲೆ ಅದರ ಮೇಲೆ ನಡೆದು ಓಡಾಡಿದ್ದೇನೆ, ಯಾರಪ್ಪ ಈ ಲೆನ್ನಾಕ್ಸ್ ಅಂತ ಒಂದು ದಿನವೂ ಕೇಳಿಕೊಂಡವನಲ್ಲ. ಆಮೇಲೆ ಮೆಲ್ಬರ್ನ್‌ಗೆ ಹೋಗಿ ಯಾರಾ ನದಿಗೆ 150 ಅಡಿಯ ಕಮಾನು ಹಾಕಿದ. 1850ರಲ್ಲಿ ಮುಗಿದ ಅದನ್ನು ಊರು ಬೆಳೆದ ಮೇಲೆ ಕೆಡವಿ ಈಗಿರುವ ಪ್ರಿನ್ಸಸ್ ಬ್ರಿಜ್ ಕಟ್ಟಿದರು. ಮುಪ್ಪಿನಲ್ಲಿ ಪರಮಟ್ಟಾಕ್ಕೇ ಬಂದು ನೆಲೆಸಿ, 1873ರ ನವೆಂಬರ್‌ನಲ್ಲಿ ಎಂಬತ್ತೈದನೇ ವಯಸ್ಸಿನಲ್ಲಿ ತೀರಿಕೊಂಡ.

ಆತನನ್ನು ಹೂತದ್ದು ಪರಮಟ್ಟಾದ ಸೇಂಟ್ ಜಾನ್ಸ್ ಸ್ಮಶಾನದಲ್ಲಿ, ಅಳಿಯನ ಸಮಾಧಿಯಲ್ಲೇ. ಜೀವಮಾನವೆಲ್ಲ ಕಲ್ಲಿನಲ್ಲೇ ಕಳೆದ ಮನುಷ್ಯನ ಹೆಸರನ್ನು ಆ ಸಮಾಧಿಗಲ್ಲಿನ ಮೇಲೆ ಯಾರೂ ಕೆತ್ತಲಿಲ್ಲ.

ಈ ಸ್ಮಶಾನ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರ. ಅಪ್ಪ ಊರಿಗೆ ಹೊರಡುವ ವಾರ ಮೊದಲು ಅವರನ್ನು ಕರೆದುಕೊಂಡು ಹೋದೆ. ಲೆನ್ನಾಕ್ಸ್ ಕತೆ ಪೂರ್ತಿ ಹೇಳಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಹೆಸ್ರು ಎಲ್ಲಿರ್ಬೇಕೋ ಅಲ್ಲೈತಲ್ಲ. ಸೇತುವೆ ನೆತ್ತಿ ಮ್ಯಾಲೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಇಪ್ಪತ್ತು ಜನ? ಬಿಡುಗಡೆ ಆದ್ಮೇಲೆ ಊರಿಗೆ ಹೋದ್ರಾ?" ಅಂತ ಕೇಳಿದರು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಸರ್ಕಾರ ಬರುವಾಗ ಬಿಟ್ಟಿ ಹಡಗು ಕೊಡುತ್ತಿತ್ತು, ಹೋಗುವಾಗ ಕೊಡುತ್ತಿರಲಿಲ್ಲ. ಹಡಗಿನ ಖರ್ಚು ಕೂಲಿಯವನ ಕೈಗೆಟುಕುವಂಥದ್ದಲ್ಲ. ಆ ಕಾಲದ ಕೈದಿಗಳಲ್ಲಿ ಬಹುಪಾಲು ಜನ ತಿರುಗಿ ಹೋಗಲಿಲ್ಲ. ಇಲ್ಲೇ ಕೆಲಸ ಹಿಡಿದರು, ಇಲ್ಲೇ ಸಂಸಾರ ಮಾಡಿದರು, ಇಲ್ಲೇ ಮಣ್ಣಾದರು.

"ದುಡ್ಡಿದ್ರೂ ಹೋಗ್ತಿದ್ರೋ ಇಲ್ವೋ" ಅಂದರು ಅಪ್ಪ. "ಒಂದಪ ಬೇರು ಬಿಟ್ಮ್ಯಾಲೆ ಕಷ್ಟ."

ಅವರು ಯಾರ ಬಗ್ಗೆ ಹೇಳಿದರು ಅಂತ ನಾನು ಕೇಳಲಿಲ್ಲ. ಮನೆಗೆ ಬರೋವರೆಗೂ ಇಬ್ಬರೂ ಮಾತಾಡಲಿಲ್ಲ.

ಅವತ್ತು ರಾತ್ರಿ ಊಟ ಆದ ಮೇಲೆ ನಾನೊಂದು ನೋಟ್‌ಬುಕ್ ತಗೊಂಡು ಅಪ್ಪನ ಪಕ್ಕ ಕೂತೆ. "ಅಪ್ಪ, ನೀವು ಕಟ್ಟಿದ್ದೆಲ್ಲ ಒಂದೊಂದಾಗಿ ಹೇಳಿ, ಬರ್ಕೋತೀನಿ" ಅಂದೆ. ಮೊದಲು ನಕ್ಕರು. ಆಮೇಲೆ ಶುರು ಮಾಡಿದವರು ಹನ್ನೊಂದು ಗಂಟೆಯಾದರೂ ನಿಲ್ಲಿಸಲಿಲ್ಲ. ಎಷ್ಟೋ ಊರಿನ ಬಾವಿಗಳು, ಒಂದು ಶಾಲೆ, ಒಂದು ದೇವಸ್ಥಾನದ ಪ್ರಾಕಾರ, ಎರಡು ತೂಬು, ಆರೇಳು ಮೋರಿ. ಪ್ರತಿಯೊಂದಕ್ಕೂ ಕಲ್ಲು ಎಲ್ಲಿಂದ ತಂದದ್ದು, ಜೊತೆಗೆ ಯಾರ್‍ಯಾರು ಇದ್ದರು - ಎಲ್ಲಾ ಬಾಯಲ್ಲೇ ಇತ್ತು. ನಲವತ್ತು ವರ್ಷ ಅವರ ಮಗನಾಗಿದ್ದೆ, ಇದನ್ನು ಒಂದು ದಿನ ಕೇಳಿರಲಿಲ್ಲ.

ನಮ್ಮೂರಿನ ದಾರಿಯಲ್ಲಿ ಅವರು ಕಟ್ಟಿದ ಒಂದು ಕಮಾನು ಮೋರಿ ಇತ್ತು. ನಾವು ಹುಡುಗರು ಮಳೆ ಬಂದರೆ ಅದರೊಳಗೆ ನುಗ್ಗಿ ಕೂರುತ್ತಿದ್ದೆವು. ಅದರ ಪಕ್ಕ ನೆಟ್ಟಿದ್ದ ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು ಇತ್ತು. ಆ ಅಕ್ಷರಗಳನ್ನು ಕೆತ್ತಿದವರೂ ನಮ್ಮಪ್ಪನೇ! ಕೆಲವು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಮೋರಿ ಒಡೆದು ಸಿಮೆಂಟಿನ ಕೊಳವೆ ಹಾಕಿದರು. ಅದರ ಜೊತೆಗೆ ಹೆಸರಿನ ಕಲ್ಲೂ ಹೋಯ್ತು. ಅಪ್ಪ ಅದನ್ನು ಹೇಳುವಾಗ ಒಂದೇ ಮಾತು ಅಂದರು: "ಒಡೆಯೋಕೆ ಜೇಸೀಬೀಗೆ ಎರಡು ದಿನ ಹಿಡೀತು." ಆ ಎರಡು ದಿನದ ಬಗ್ಗೆ ಅವರಿಗಿದ್ದ ಹೆಮ್ಮೆ ನೋಡಬೇಕಿತ್ತು ನೀವು.

ಈಗ ಅಪ್ಪ ಊರಲ್ಲೇ ಇದ್ದಾರೆ, ತಂಗಿಯ ಮನೆಯಲ್ಲಿ. ಕಣ್ಣು ಮಂಜಾಗಿದೆ. ಮತ್ತೆ ಇಲ್ಲಿಗೆ ಬರೋ ಮಾತು ಅವರೂ ಎತ್ತೋದಿಲ್ಲ, ನಾನೂ ಎತ್ತೋದಿಲ್ಲ. ನಾನು ಅಲ್ಲಿಗೆ ಹೋಗಿ ನೆಲೆಸೋ ಮಾತು ಮೊದಲು ಆಗಾಗ ಬರುತ್ತಿತ್ತು, ಈಗ ಅದೂ ಬರೋದಿಲ್ಲ. ಮೊನ್ನೆ ಸೇತುವೆ ಹಾಗೇ ಇದೆಯಾ ಅಂತ ಕೇಳಿದಾಗ, "ಹಂಗೇ ಐತೆ ಅಪ್ಪ, ಒಂದು ಕಲ್ಲೂ ಅಲ್ಲಾಡಿಲ್ಲ" ಅಂದೆ. "ಆ ಎಡಚನ ಕಲ್ಲು?" ಅಂದರು. "ಅದೂ ಐತೆ."

ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಕೈಯನ್ನೂ ಆ ಕಲ್ಲುಗಳ ಮೇಲೆ ಇಡಿಸಬೇಕು ಅಂತಿದ್ದೇನೆ. ಸಮಾಧಾನದವನು, ಸಿಟ್ಟಿನವನು, ಎಡಚ - ಅಪ್ಪ ಇಟ್ಟ ಹೆಸರುಗಳಷ್ಟೇ ಸದ್ಯಕ್ಕೆ ಅವರಿಗಿರೋದು.

ನಿಮ್ಮೂರಿನ ದಾರಿಯಲ್ಲೂ ಒಂದು ಹಳೇ ಕಲ್ಲಿನ ಮೋರಿಯೋ ಸೇತುವೆಯೋ ಇದ್ದೇ ಇರುತ್ತದೆ. ಮುಂದಿನ ಸಲ ಹೋದಾಗ ಕೆಳಗಿಳಿದು ನೋಡಿ. ಕಟ್ಟಿದವರು ಯಾರಾದರೂ ಇನ್ನೂ ಇದ್ದರೆ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ನಿಮ್ಮ ಬ್ಲಾಗಿನಲ್ಲೂ ಹಾಕಿ, ಖಂಡಿತ ಬಂದು ಓದುತ್ತೇನೆ.